ಸೈಕಲ್ಲಿಗೊಂದು ಕ್ಯಾರಿಯರ್

ನಮ್ಮ ಕಡೆಯ ಊರುಗಳಲ್ಲಿ ಬೆಳೆದವರಿಗೆ ಕ್ಯಾರಿಯರ್ ಎಂದರೆ ಸೈಕಲ್ಲಿನ ಹಿಂಚಕ್ರದ ಮೇಲೆ ಕೂತಿರುವ ಕಬ್ಬಿಣದ ಚೌಕಟ್ಟು. ಹಾಲಿನ ಕ್ಯಾನು, ಅಕ್ಕಿಮೂಟೆ, ಹುಲ್ಲಿನ ಹೊರೆ, ಗ್ಯಾಸ್ ಸಿಲಿಂಡರು, ಶಾಲೆಗೆ ಹೋಗುವ ತಂಗಿ, ಎಲ್ಲವನ್ನೂ ಅದು ಹೊತ್ತಿದೆ. ಸೈಕಲ್ಲು ಹೊರುವುದಕ್ಕೆಂದೇ ಹುಟ್ಟಿದ ವಾಹನವೆಂಬುದು ಆ ದಿನಗಳ ತಿಳಿವಳಿಕೆ. ಸೈಕಲ್ಲನ್ನೇ ಹೊರುವುದಕ್ಕೆ ಇನ್ನೊಂದು ಕ್ಯಾರಿಯರ್ ಬೇಕೆಂದು ಯಾರಾದರೂ ಹೇಳಿದ್ದರೆ ಅಂಗಡಿಯ ಕಟ್ಟೆಯ ಮೇಲೆ ಕೂತವರೆಲ್ಲ ನಕ್ಕುಬಿಡುತ್ತಿದ್ದರು. ಈಗ ಹಾಗೆ ಕೇಳಿಕೊಂಡು ಅಂಗಡಿಯಿಂದ ಅಂಗಡಿಗೆ ಅಲೆಯುವ ಸರದಿ ನನ್ನದಾಯಿತು. ಕಾರಿನ ಮೇಲೋ ಹಿಂದೋ ಸೈಕಲ್ಲು ಕಟ್ಟಿಕೊಂಡು ಹೋಗುವವರನ್ನು ಕಂಡು ಇದು ಉಳ್ಳವರ ಶೋಕಿಯೆಂದು ಭಾವಿಸಿದ್ದ ಓದುಗರಿದ್ದರೆ, ಅದರ ಹಿಂದೆ ಎಷ್ಟು ಲೆಕ್ಕಾಚಾರವಿದೆಯೆಂದು ತಿಳಿಸುವುದು ಈ ಬರಹದ ಉದ್ದೇಶ.

ಕೇಂದ್ರ ಸರ್ಕಾರದ ನೌಕರಿಯಲ್ಲಿ ವರ್ಗಾವಣೆ ಹೊಸ ಸಂಗತಿಯಲ್ಲ. ವಿಶಾಖಪಟ್ಟಣದಲ್ಲಿ ಕೆಲವು ವರ್ಷ ಕಳೆದ ಮೇಲೆ ವಿಜಯವಾಡಕ್ಕೆ ಆದೇಶ ಬಂತು. ಮಗಳು ಕೇಂದ್ರೀಯ ವಿದ್ಯಾಲಯದಲ್ಲಿ ಹನ್ನೊಂದನೆಯ ತರಗತಿಗೆ ಆಗಷ್ಟೇ ಕಾಲಿಟ್ಟಿದ್ದಳು. ಅವಳ ಓದಿನ ನಡುವೆ ಊರು ಬದಲಿಸುವುದು ಬೇಡವೆಂದು ಮನೆಯನ್ನು ವಿಶಾಖಪಟ್ಟಣದಲ್ಲೇ ಉಳಿಸಿ, ನಾನೊಬ್ಬನೇ ವಿಜಯವಾಡದಲ್ಲಿ ಒಂದು ಕೋಣೆ ಹಿಡಿದೆ. ರಾಷ್ಟ್ರೀಯ ಹೆದ್ದಾರಿ 16ರಲ್ಲಿ ಎರಡೂ ಊರುಗಳ ನಡುವೆ ಸುಮಾರು 350 ಕಿಲೋಮೀಟರು. ರೈಲಿನಲ್ಲಿ ನಾನು ಅತ್ತ ಹೋಗುವುದು, ತಿಂಗಳಿಗೊಮ್ಮೆ ಅವರೆಲ್ಲ ಕಾರಿನಲ್ಲಿ ಇತ್ತ ಬರುವುದು ಎಂಬ ಒಪ್ಪಂದವಾಯಿತು.

ಇದರಲ್ಲಿ ಸೈಕಲ್ಲಿನ ಮಾತೇಕೆ ಬಂತು? ವಿಶಾಖಪಟ್ಟಣದ ಆರ್.ಕೆ. ಬೀಚ್ ರಸ್ತೆಯ ಒಂದು ಭಾಗದಲ್ಲಿ ಬೆಳಗಿನ ಹೊತ್ತು ವಾಹನಗಳನ್ನು ಬಿಡುವುದಿಲ್ಲ. ನಡೆಯುವವರು, ಓಡುವವರು, ಸೈಕಲ್ಲಿನವರು ಆ ರಸ್ತೆಯ ಒಡೆಯರು. ಭಾನುವಾರದ ನಸುಕಿನಲ್ಲಿ ನಾನೂ ಮಗಳೂ ಅಲ್ಲಿಂದ ಹೊರಟು, ಮರಳ ಮೇಲೆ ಏರಿಸಿಟ್ಟಿರುವ ಕುರ್ಸುರಾ ಜಲಾಂತರ್ಗಾಮಿಯನ್ನು ದಾಟಿ, ಕಡಲನ್ನು ಬಲಕ್ಕಿಟ್ಟುಕೊಂಡು ರುಷಿಕೊಂಡದವರೆಗೆ ಹೋಗಿ ಬರುವುದು ವಾಡಿಕೆ. ಮನಸ್ಸು ಬಂದರೆ ಭೀಮಿಲಿಯ ದಾರಿಯಲ್ಲಿ ಇನ್ನಷ್ಟು ಮುಂದೆ. ಹದಿನಾರರ ಮಕ್ಕಳು ಎದುರು ಕೂರಿಸಿಕೊಂಡು ಕೇಳಿದರೆ ಏನನ್ನೂ ಹೇಳುವುದಿಲ್ಲ. ಅಕ್ಕಪಕ್ಕದಲ್ಲಿ ಹ್ಯಾಂಡಲ್ ಹಿಡಿದು ಸಾಗುವಾಗ, ಇಬ್ಬರ ಕಣ್ಣೂ ರಸ್ತೆಯ ಮೇಲಿರುವಾಗ, ಅವರಾಗಿಯೇ ಮಾತು ತೆಗೆಯುತ್ತಾರೆ. ಶಾಲೆಯಲ್ಲಿ ಹಿಂದಿ ಮತ್ತು ಇಂಗ್ಲಿಷು, ಗೆಳತಿಯರೊಡನೆ ತೆಲುಗು, ಮನೆಯಲ್ಲಿ ಎಲ್ಲದರ ಕಲಬೆರಕೆ. ಅವಳು ಆದ್ಯಂತ ಕನ್ನಡದಲ್ಲೇ ಮಾತಾಡುತ್ತಿದ್ದುದು ವಾರದಲ್ಲಿ ಈ ಎರಡು ಗಂಟೆ ಮಾತ್ರ. ಯಾರೂ ವಿಧಿಸಿದ ನಿಯಮವಲ್ಲ ಅದು, ಹಾಗೆ ರೂಢಿಯಾಗಿತ್ತು. ಹೊರನಾಡಿನಲ್ಲಿ ಮಕ್ಕಳನ್ನು ಬೆಳೆಸುತ್ತಿರುವವರಿಗೆ ಈ ಎರಡು ಗಂಟೆಯ ಬೆಲೆ ವಿವರಿಸಬೇಕಿಲ್ಲ. ನಾನು ಉಳಿಸಿಕೊಳ್ಳಬೇಕೆಂದದ್ದು ಅದನ್ನು. ವಿಜಯವಾಡದಲ್ಲೂ ದಾರಿಗೆ ಕೊರತೆಯಿಲ್ಲ: 1957ರಲ್ಲಿ ಪೂರ್ಣಗೊಂಡ ಪ್ರಕಾಶಂ ಬ್ಯಾರೇಜಿನ ಮೇಲಿಂದ ಕೃಷ್ಣೆಯನ್ನು ದಾಟಿದರೆ ಉಂಡವಲ್ಲಿಯ ಗುಹೆಗಳು, ಬಯಲು, ತೋಟ. ಬೇಕಿದ್ದುದು ಸೈಕಲ್ಲುಗಳು ಅಲ್ಲಿಗೆ ಬರುವ ಉಪಾಯ.

ರೈಲಿನಲ್ಲಿ ಕಳಿಸಬಹುದು. ಪಾರ್ಸೆಲ್ ಕಚೇರಿಯಲ್ಲಿ ಬುಕ್ ಮಾಡಿ, ಸುತ್ತಿ, ಚೀಟಿ ಅಂಟಿಸಿ ಬ್ರೇಕ್‌ವ್ಯಾನಿಗೆ ಒಪ್ಪಿಸಿದರೆ ಸೈಕಲ್ಲು ತಲುಪುತ್ತದೆ. ಒಮ್ಮೆ ಊರು ಬದಲಿಸುವವನಿಗೆ ಅದು ಸರಿ. ಶನಿವಾರ ಬಂದು ಭಾನುವಾರ ಹಿಂತಿರುಗುವವರಿಗೆ ಅದರಲ್ಲೇ ಎರಡು ದಿನ ಮುಗಿಯುತ್ತದೆ. ಹಾಗಾಗಿ ಕಾರಿಗೇ ಏನಾದರೂ ಜೋಡಿಸಬೇಕೆಂದು ವಿಚಾರಿಸತೊಡಗಿದೆ.

ಕಾರಿನಲ್ಲಿ ಸೈಕಲ್ಲನ್ನು ಹೊರಗಿಟ್ಟು ಒಯ್ಯಲು ಮೂರು ಬಗೆಯ ಸಾಧನಗಳಿವೆ. ಒಂದು, ಡಿಕ್ಕಿಯ ಬಾಗಿಲಿಗೆ ಪಟ್ಟಿ ಮತ್ತು ಕೊಕ್ಕೆಗಳಿಂದ ಬಿಗಿಯುವಂಥದು. ಎರಡು, ಮಾಡಿನ ಮೇಲೆ ಅಡ್ಡಪಟ್ಟಿಗಳನ್ನು ಹಾಕಿ ಅದರ ಮೇಲೆ ಸೈಕಲ್ಲನ್ನು ನಿಲ್ಲಿಸುವಂಥದು. ಮೂರು, ಕಾರಿನ ತಳಕ್ಕೆ ಭದ್ರವಾಗಿ ಬೋಲ್ಟ್ ಮಾಡಿದ ಹಿಚ್ ಎಂಬ ಉಕ್ಕಿನ ಕೊಂಡಿಗೆ ಸಿಕ್ಕಿಸುವಂಥದು. ಈ ಸಾಮಗ್ರಿಗಳಲ್ಲಿ ಜಗತ್ತಿನಲ್ಲೇ ಹೆಸರಾದ ಥೂಲೆ ಕಂಪನಿ 1942ರಲ್ಲಿ ಸ್ವೀಡನ್ನಿನ ಹಿಲ್ಲರ್‌ಸ್ಟಾರ್ಪ್ ಎಂಬಲ್ಲಿ ಎರಿಕ್ ಥುಲಿನ್ ಎಂಬಾತನಿಂದ ಶುರುವಾದದ್ದು ಮೀನು ಹಿಡಿಯುವ ಬೋನಿನಿಂದ. ಕಾರುಗಳ ಮೇಲಿನ ಹೊರೆಪಟ್ಟಿಗೆ ಅದು ಕೈಹಾಕಿದ್ದು 1960ರ ದಶಕದಲ್ಲಿ. ಪಾಶ್ಚಾತ್ಯ ದೇಶಗಳಲ್ಲಿ ಟ್ರೇಲರು ಎಳೆಯುವ ಪದ್ಧತಿ ಮೊದಲಿನಿಂದ ಇದ್ದುದರಿಂದ ಅಲ್ಲಿ ಹಿಚ್ ಸಾಮಾನ್ಯ. ಸೈಕಲ್ಲಿನ ರ‍್ಯಾಕು ಆ ಕೊಂಡಿಯನ್ನು ಎರವಲು ಪಡೆಯಿತು, ಅಷ್ಟೆ.

ಡೆನ್ವರಿನಲ್ಲಿರುವ ತಂಗಿಗೆ ವಿಷಯ ಹೇಳಿದಾಗ ಅವಳಲ್ಲಿ ಎರಡನೆಯ ಮಾತೇ ಇರಲಿಲ್ಲ. "ಅಣ್ಣಾ, ಹಿಚ್ ಹಾಕಿಸಿಬಿಡು. ಸೊಂಟದ ಎತ್ತರಕ್ಕೆ ಎತ್ತಿ ಇಟ್ಟರೆ ಮುಗೀತು. ನಮ್ಮದು ನಾಲ್ಕು ವರ್ಷ ಆಯ್ತು, ಒಂದು ದಿನ ತೊಂದರೆ ಕೊಟ್ಟಿಲ್ಲ" ಎಂದಳು. ಅವಳು ಹೇಳಿದ್ದು ಅಕ್ಷರಶಃ ನಿಜ. ಅಮೆರಿಕದ ಕಾರುಗಳ ಹಿಂಬದಿಯಲ್ಲಿ ಚೌಕಾಕಾರದ ಒಂದು ಕೊಳವೆ ಇರುತ್ತದೆ. ಬಾಯಿಯ ಅಳತೆ ಚಿಕ್ಕ ಕಾರಿಗೆ ಒಂದೂಕಾಲು ಇಂಚು, ದೊಡ್ಡದಕ್ಕೆ ಎರಡು ಇಂಚು. ರ‍್ಯಾಕಿನ ದಂಡವನ್ನು ಅದರೊಳಗೆ ತೂರಿಸಿ, ಅಡ್ಡಲಾಗಿ ಒಂದು ಪಿನ್ನು ಹಾಕಿ, ಅಲುಗಾಡದಂತೆ ತಿರುಪನ್ನು ಬಿಗಿದರೆ ಕೆಲಸ ಮುಗಿಯಿತು. ಯುರೋಪಿನಲ್ಲಿ ಕೊಳವೆಯ ಬದಲು 50 ಮಿಲಿಮೀಟರಿನ ಉಕ್ಕಿನ ಗುಂಡು. ರ‍್ಯಾಕು ಅದನ್ನು ಕವ್ವಿ ಹಿಡಿಯುತ್ತದೆ. ಕಾರಿನ ಬಣ್ಣಕ್ಕೆ ಏನೂ ತಾಗುವುದಿಲ್ಲ. ಸೈಕಲ್ಲು ಕಾರಿನ ಬೆನ್ನಿಗೆ ಅವಿತಿರುವುದರಿಂದ ಗಾಳಿಯ ಹೊಡೆತ ಕಡಿಮೆ. ಎರಡರಿಂದ ನಾಲ್ಕು ಸೈಕಲ್ಲುಗಳವರೆಗೆ ಸಾಗಿಸಬಹುದು. ಒಳ್ಳೆಯ ರ‍್ಯಾಕು ಹಿಂದಕ್ಕೆ ಬಾಗಿ ಡಿಕ್ಕಿ ತೆರೆಯಲೂ ಬಿಡುತ್ತದೆ. ತತ್ತ್ವದ ಮಟ್ಟದಲ್ಲಿ ಮೂರರಲ್ಲಿ ಇದೇ ಉತ್ತಮವೆಂಬುದರಲ್ಲಿ ನನಗೂ ಸಂದೇಹವಿಲ್ಲ.

ಇಂಗ್ಲಿಷ್ ಎಂ.ಎ. ಮಾಡಿದವನ ಚಾಳಿಯಿಂದ ಒಂದು ಮಾತು ಇಲ್ಲಿ ಸೇರಿಸಬೇಕೆನಿಸುತ್ತದೆ. ಹಿಚ್ ಎಂಬ ಆ ಶಬ್ದಕ್ಕೆ ಇಂಗ್ಲಿಷಿನಲ್ಲಿ ಜೋಡಿಸುವ ಕೊಂಡಿ ಎಂಬ ಅರ್ಥವೂ ಇದೆ, ಕಾರ್ಯಕ್ಕೆ ಅಡ್ಡಬರುವ ತೊಡಕು ಎಂಬ ಅರ್ಥವೂ ಇದೆ. ಮದುವೆಯಾಗುವುದನ್ನೂ ಅದೇ ಶಬ್ದದಿಂದ ಲಘುವಾಗಿ ಹೇಳುತ್ತಾರೆ. ಕನ್ನಡದ 'ಗಂಟು' ಇನ್ನೂ ಒಂದು ಹೆಜ್ಜೆ ಮುಂದೆ. ಕಟ್ಟಿದ್ದೂ ಗಂಟು, ಬಿಡಿಸಲಾಗದ್ದೂ ಗಂಟು, ಮದುವೆ ಬ್ರಹ್ಮಗಂಟು, ಅದರ ಮೇಲೆ ಹೊರುವ ಸಾಮಾನೂ ಗಂಟುಮೂಟೆಯೇ. ನನ್ನ ಕಾರಿನ ಮಟ್ಟಿಗೆ ಈ ಎಲ್ಲ ಅರ್ಥಗಳೂ ಒಂದೊಂದಾಗಿ ಎದುರಾದವು.

ಮೊದಲನೆಯದು, ಕೊಂಡಿಯನ್ನು ಕಟ್ಟುವುದು ಎಲ್ಲಿಗೆ? ನಮ್ಮದು ನಾಲ್ಕು ಮೀಟರಿನೊಳಗಿನ ಸಾಧಾರಣ ಹ್ಯಾಚ್‌ಬ್ಯಾಕ್. ಈ ಕಾರು ಏನನ್ನೂ ಎಳೆಯತಕ್ಕದ್ದಲ್ಲವೆಂದು ಅದರ ಕೈಪಿಡಿಯೇ ಸ್ಪಷ್ಟವಾಗಿ ಹೇಳುತ್ತದೆ. ಹಾಗಾಗಿ ತಯಾರಕರ ಹಿಚ್ ಇಲ್ಲ. ವಿಜಯವಾಡದ ಆಟೊನಗರ ಲಾರಿಗಳ ಬಾಡಿ ಕಟ್ಟುವುದಕ್ಕೆ ದೇಶದಲ್ಲೆಲ್ಲ ಹೆಸರಾದ ಜಾಗ. ಅಲ್ಲಿನ ಒಬ್ಬ ವೆಲ್ಡರನ ಹತ್ತಿರ ಕಾರು ಒಯ್ದೆ. ಆತ ಕೆಳಗೆ ಬಗ್ಗಿ ನೋಡಿ, "ಏಂ ಪರ್ಲೇದು ಸಾರ್" ಎಂದು ಅರ್ಧ ದಿನದಲ್ಲಿ ಮಾಡಿಕೊಡುವುದಾಗಿ ಒಪ್ಪಿದ. ಆತನ ಕೈಚಳಕದ ಬಗ್ಗೆ ನನಗೆ ಅನುಮಾನವಿರಲಿಲ್ಲ. ಹತ್ತು ಟನ್ನು ಹೊರುವ ಲಾರಿಯನ್ನು ಕಟ್ಟುವವನಿಗೆ ಎರಡು ಸೈಕಲ್ಲು ಯಾವ ಲೆಕ್ಕ! ಆದರೆ ಲಾರಿಗೆ ಬೆನ್ನೆಲುಬಿನಂತೆ ಉಕ್ಕಿನ ಚಾಸಿಸ್ ಇರುತ್ತದೆ. ಭಾರವನ್ನೆಲ್ಲ ಹೊರುವುದು ಅದೇ. ಈಗಿನ ಚಿಕ್ಕ ಕಾರುಗಳಿಗೆ ಅಂಥ ಬೆನ್ನೆಲುಬಿಲ್ಲ. ಮೊಟ್ಟೆಯ ಚಿಪ್ಪಿನಂತೆ ತೆಳು ತಗಡಿನ ಇಡೀ ಮೈಯೇ ಭಾರವನ್ನು ಹಂಚಿಕೊಳ್ಳುತ್ತದೆ. ಹಿಂದಿನಿಂದ ಯಾರಾದರೂ ಗುದ್ದಿದರೆ ಮಡಿಚಿಕೊಂಡು ಪೆಟ್ಟನ್ನು ನುಂಗಲೆಂದು ಆ ಭಾಗವನ್ನು ಬೇಕೆಂದೇ ಮೃದುವಾಗಿ ಮಾಡಿರುತ್ತಾರೆ. ಅಲ್ಲಿ ಒಂದು ದಪ್ಪ ಉಕ್ಕಿನ ತುಂಡನ್ನು ಬೆಸೆದರೆ ಪೆಟ್ಟು ನೇರ ಒಳಕ್ಕೆ, ಹಿಂದಿನ ಸೀಟಿನವರತ್ತ ಸಾಗುತ್ತದೆ. ಆ ಸೀಟಿನಲ್ಲಿ ಕೂರುವವರು ನನ್ನ ತಾಯಿ ಮತ್ತು ಮಗಳು.

ಎರಡನೆಯದು ತೂಕದ ಲೆಕ್ಕ. ತಲಾ 15 ಕಿಲೋ ತೂಗುವ ಎರಡು ಸೈಕಲ್ಲು, 18 ಕಿಲೋದ ರ‍್ಯಾಕು, ಒಟ್ಟು 48 ಕಿಲೋ. ಒಬ್ಬ ತೆಳ್ಳಗಿನ ಮನುಷ್ಯನ ತೂಕವಷ್ಟೆ, ಇದರಲ್ಲೇನಿದೆ ಎನ್ನಬಹುದು. ಆದರೆ ಆ ಮನುಷ್ಯ ಕೂತಿರುವುದು ಕಾರಿನೊಳಗಲ್ಲ, ಹಿಂದಿನ ಅಚ್ಚಿನಿಂದ ಸುಮಾರು 1.3 ಮೀಟರು ಆಚೆ. ಮುಂದಿನ ಮತ್ತು ಹಿಂದಿನ ಅಚ್ಚುಗಳ ನಡುವಿನ ದೂರ 2.5 ಮೀಟರು. ಶಾಲೆಯಲ್ಲಿ ಕಲಿತ ಸನ್ನೆಗೋಲಿನ ಸೂತ್ರ ಹಾಕಿದರೆ, ಮುಂದಿನ ಚಕ್ರಗಳ ಮೇಲಿನ ಭಾರ 25 ಕಿಲೋ ಇಳಿಯುತ್ತದೆ. ಹಿಂದಿನವುಗಳ ಮೇಲೆ 73 ಕಿಲೋ ಏರುತ್ತದೆ. ಕಾರನ್ನು ತಿರುಗಿಸುವುದೂ ಬಹುಪಾಲು ನಿಲ್ಲಿಸುವುದೂ ಮುಂದಿನ ಚಕ್ರಗಳೇ. ಹಿಂದಿನ ಸೀಟಿನಲ್ಲಿ ಇಬ್ಬರು, ಡಿಕ್ಕಿಯಲ್ಲಿ ಸಾಮಾನು, ಅದರ ಹಿಂದೆ ಈ ತೊನೆದಾಡುವ ಭಾರ. ರಸ್ತೆಯ ಹಂಪಿನ ಮೇಲೆ ಕಾರು ಕುಪ್ಪಳಿಸಿದಾಗ ಆ ಭಾರ ಕೊಂಡಿಯನ್ನು ಜಗ್ಗುವ ಬಲ ಕ್ಷಣಮಾತ್ರ ಇಮ್ಮಡಿಯಾಗಬಹುದು. ನಮ್ಮ ಹಂಪುಗಳಾದರೋ ಅಳತೆಗೋಲಿಗೆ ಸಿಕ್ಕುವಂಥವಲ್ಲ. ಹಿಂದಕ್ಕೆ ಚಾಚಿದ ತಗ್ಗಾದ ರ‍್ಯಾಕು ಅವುಗಳ ನೆತ್ತಿಯನ್ನೋ ಅಪಾರ್ಟ್‌ಮೆಂಟಿನ ಇಳಿಜಾರನ್ನೋ ಉಜ್ಜದೆ ಬಿಡುವುದಿಲ್ಲ.

ಮೂರನೆಯದನ್ನು ಟೇಪು ಹಿಡಿದು ಅಳೆದಾಗಲೇ ತಿಳಿದದ್ದು. ಹಿಚ್ ರ‍್ಯಾಕಿನಲ್ಲಿ ಸೈಕಲ್ಲು ಕಾರಿಗೆ ಅಡ್ಡಲಾಗಿ ನಿಲ್ಲುತ್ತದೆ. ನಮ್ಮ ಕಾರಿನ ಅಗಲ 1,680 ಮಿಲಿಮೀಟರು. ನನ್ನ ಸೈಕಲ್ಲಿನ ಉದ್ದ 1,780. ಎರಡೂ ಕಡೆ ಎರಡೆರಡು ಅಂಗುಲದಷ್ಟು ಚಕ್ರ ಕಾರಿನಿಂದ ಹೊರಗೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಮಾತು ಇಲ್ಲಿ ಅಕ್ಷರಶಃ ಅನ್ವಯಿಸುತ್ತದೆ. ಅಮೆರಿಕದ ಕಾರುಗಳು ಅಗಲ. ಅಲ್ಲಿ ಈ ಪ್ರಶ್ನೆ ಏಳುವುದೇ ಅಪರೂಪ. ಆನಂದಪುರಂ, ತುನಿ, ಏಲೂರುಗಳ ಸುತ್ತಮುತ್ತ ಬೈಕಿನವರು ಕಾರಿನ ಪಕ್ಕವನ್ನು ಒರೆಸಿಕೊಂಡೇ ಮುಂದೆ ಹೋಗುತ್ತಾರೆ. ಅವರು ಕಾರಿನ ಅಗಲವನ್ನು ಕಣ್ಣಳತೆಯಿಂದ ಗ್ರಹಿಸುತ್ತಾರೆಯೇ ಹೊರತು ಅದರ ಹಿಂದೆ ಚಾಚಿದ ಟಯರನ್ನಲ್ಲ.

ನಾಲ್ಕನೆಯದು ನನ್ನಂಥ ನೌಕರನಿಗೆ ಸಹಜವಾಗಿ ಹೊಳೆಯುವಂಥದು, ಏಕೆಂದರೆ ನಿಯಮಾವಳಿ ಓದುವುದೇ ನಮ್ಮ ಹೊಟ್ಟೆಪಾಡು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು, ತಯಾರಕರು ಮೂಲದಲ್ಲಿ ನಮೂದಿಸಿದ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ತಡೆಯುತ್ತದೆ. ಸುಪ್ರೀಂ ಕೋರ್ಟು 2019ರ ಜನವರಿಯ ತೀರ್ಪಿನಲ್ಲಿ ಅದನ್ನೇ ಎತ್ತಿಹಿಡಿಯಿತು. ಅದಕ್ಕೂ ಮೊದಲು, 2017ರ ಡಿಸೆಂಬರಿನಲ್ಲಿ, ಕಾರಿನ ಮುಂದೆ ಹಾಕಿಸಿಕೊಳ್ಳುವ ಬುಲ್‌ಬಾರುಗಳು ಇದೇ ಕಲಮಿಗೆ ವಿರುದ್ಧವೆಂದು ಕೇಂದ್ರ ಸಾರಿಗೆ ಸಚಿವಾಲಯ ರಾಜ್ಯಗಳಿಗೆ ಬರೆದಿತ್ತು. 2019ರ ತಿದ್ದುಪಡಿಯಲ್ಲಿ ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೇ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಎರಡೂ. ಹೊರೆಯು ಮಿತಿಯಾಚೆ ಪಕ್ಕಕ್ಕೋ ಹಿಂದಕ್ಕೋ ಚಾಚಿದ್ದರೆ 20,000 ರೂಪಾಯಿ ದಂಡ. ಆಟೊನಗರದ ಬೆಸುಗೆಯ ಕೊಂಡಿಯೊಂದಿಗೆ ಹೊರಟರೆ ದಾರಿಯುದ್ದಕ್ಕೂ ಪೊಲೀಸರ ಮುಂದೆ ವಾದಿಸಲು ಸಿದ್ಧವಾಗಿರಬೇಕು. ಅಪಘಾತವಾದರೆ ವಿಮೆಯವರ ಮುಂದೆಯೂ.

ಇವೆಲ್ಲಕ್ಕಿಂತ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ನಂಬರ್ ಪ್ಲೇಟು ಮತ್ತು ದೀಪ. ಹಿಂದೆ ಎರಡು ಸೈಕಲ್ಲು ನಿಂತರೆ ಹಿಂಬದಿಯ ನಂಬರು ಮರೆಯಾಗುತ್ತದೆ. ಬ್ರೇಕ್ ದೀಪ, ತಿರುವಿನ ದೀಪಗಳೂ ಅರ್ಧ ಮರೆಯಾಗುತ್ತವೆ. ಯುರೋಪಿನ ರ‍್ಯಾಕುಗಳಲ್ಲಿ ಇದಕ್ಕೆಂದೇ ಪ್ರತ್ಯೇಕ ದೀಪಗಳ ಹಲಗೆ ಇರುತ್ತದೆ. ಹಿಚ್‌ನ ಪಕ್ಕದ ಪ್ಲಗ್ಗಿಗೆ ಸಿಕ್ಕಿಸಿದರೆ ಅವು ಕಾರಿನ ದೀಪಗಳೊಂದಿಗೇ ಬೆಳಗುತ್ತವೆ. ಇನ್ನೊಂದು ನಂಬರ್ ಪ್ಲೇಟಿಗೂ ಅಲ್ಲಿ ಜಾಗವಿದೆ. ನಮ್ಮಲ್ಲಿ 2019ರ ಏಪ್ರಿಲ್‌ನಿಂದ ಹೊಸ ವಾಹನಗಳಿಗೆಲ್ಲ ಎಚ್‌ಎಸ್‌ಆರ್‌ಪಿ ಕಡ್ಡಾಯ. ಅದನ್ನು ಹಿಡಿದಿರುವ ಬೀಗದ ಮೊಳೆಯನ್ನು ಒಮ್ಮೆ ತೆಗೆದರೆ ಮತ್ತೆ ಬಳಸಲಾಗದು. ಪ್ಲೇಟನ್ನು ಬಿಚ್ಚಿ ಸೈಕಲ್ಲಿನ ಹಿಂದೆ ತೂಗುಹಾಕುವ ಉಪಾಯ ಅಲ್ಲಿಗೆ ಮುಗಿಯಿತು. ನಂಬರಿನ ವಿಷಯ ಹೇಗಾದರೂ ಇರಲಿ, ದೀಪದ ಮಾತು ಹಾಗಲ್ಲ. ನಸುಕಿನಲ್ಲಿ ಹೊರಟು ಅಣ್ಣಾವರಂ ದಾಟುವ ಹೊತ್ತಿಗೂ ಎಷ್ಟೋ ಲಾರಿಯವರು ರಾತ್ರಿಯಿಡೀ ಓಡಿಸಿ ಬಂದವರಾಗಿರುತ್ತಾರೆ. ನಮ್ಮ ಹಿಂದಿರುವ ಲಾರಿಯವನಿಗೆ ನಾವು ಹೇಳಬಹುದಾದ ಮಾತು ಒಂದೇ: ನಿಲ್ಲುತ್ತಿದ್ದೇವೆ ಎಂಬುದು. ಅದನ್ನು ಹೇಳುವ ಎರಡು ಕೆಂಪು ದೀಪಗಳ ಮುಂದೆ ಏನನ್ನೂ ಇಡಬಾರದೆಂದು ನಿಶ್ಚಯಿಸಿದ ಗಳಿಗೆಯಲ್ಲಿ ನನ್ನ ಆಯ್ಕೆ ಅರ್ಧ ಮುಗಿದಂತಾಯಿತು.

ಡಿಕ್ಕಿಗೆ ಪಟ್ಟಿಯಿಂದ ಬಿಗಿಯುವ ರ‍್ಯಾಕೂ ಇದೇ ಕಾರಣಕ್ಕೆ ಬಿದ್ದುಹೋಯಿತು. ಅದು ಮೂರರಲ್ಲಿ ಅಗ್ಗ, ಮಡಚಿಟ್ಟರೆ ಕಪಾಟಿನಲ್ಲಿ ಹಿಡಿಸುತ್ತದೆ. ಆದರೆ ನಮ್ಮ ಕಾರಿನ ಬಾಗಿಲಿನ ನೆತ್ತಿಯಲ್ಲಿ ಪ್ಲಾಸ್ಟಿಕ್ಕಿನ ಸ್ಪಾಯ್ಲರ್ ಇದೆ. ಕೊಕ್ಕೆ ಹಿಡಿಯುವುದು ಅದನ್ನೇ. ಬಟ್ಟೆಯ ಪಟ್ಟಿಗಳಿಗೆ ವಿಜಯವಾಡದ ಬೇಸಗೆಯ ಬಿಸಿಲು ಬೇರೆ.

ಹೀಗೆ ಮಾಡಿನ ಮೇಲಿನದು ಉಳಿಯಿತು. ಅದಕ್ಕೂ ದೋಷಗಳಿಲ್ಲದಿಲ್ಲ. ಕಾರಿನ ಎತ್ತರ ಒಂದೂವರೆ ಮೀಟರು, ಅದರ ಮೇಲೆ ಸೈಕಲ್ಲು ನಿಂತರೆ ಎರಡೂಮುಕ್ಕಾಲು ಮೀಟರಿನ ಹತ್ತಿರ. ಅಪಾರ್ಟ್‌ಮೆಂಟಿನ ನೆಲಮಾಳಿಗೆಯ ಬಾಗಿಲು, ವಿಜಯವಾಡದ ರೈಲು ಹಳಿಗಳಡಿಯ ಕೆಲವು ಕೆಳಸೇತುವೆಗಳು, ಮಾಲುಗಳ ಪಾರ್ಕಿಂಗು, ಇವೆಲ್ಲ ತಲೆಯ ಮೇಲಿನ ಕತ್ತಿ. ಗಾಳಿಯ ತಡೆಯೂ ಹೆಚ್ಚು. ಆದರೆ ಆ ತಡೆ ವೇಗದ ವರ್ಗದಂತೆ ಏರುವುದರಿಂದ, ಗಂಟೆಗೆ 100 ಕಿಲೋಮೀಟರಿನ ಬದಲು 80ರಲ್ಲಿ ಹೋದರೆ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಇಳಿಯುತ್ತದೆ. ಇನ್ನು ಕೈಪಿಡಿಯ ಪ್ರಕಾರ ನಮ್ಮ ಕಾರಿನ ಮಾಡು ಹೊರಬಹುದಾದ ಭಾರ 50 ಕಿಲೋ. ಅಡ್ಡಪಟ್ಟಿ, ಎರಡು ಕ್ಯಾರಿಯರು, ಎರಡು ಸೈಕಲ್ಲು ಸೇರಿದರೆ ಮಿತಿಯ ಅಂಚಿಗೆ ಬರುತ್ತದೆ.

ಈ ಲೆಕ್ಕಗಳನ್ನೆಲ್ಲ ಕಾಗದದ ಮೇಲೆ ಬರೆದುಕೊಂಡು ಕೂತಿದ್ದಾಗ ಹೆಂಡತಿ ಒಂದು ಪ್ರಶ್ನೆ ಕೇಳಿದಳು. "ನಿಮ್ಮ ಸೈಕಲ್ಲು ಪ್ರತಿ ತಿಂಗಳೂ ಯಾಕೆ ಓಡಾಡಬೇಕು? ಒಂದು ಸಲ ಪಾರ್ಸೆಲ್ ಮಾಡಿ ವಿಜಯವಾಡದಲ್ಲೇ ಇಟ್ಟುಕೊಳ್ಳಿ, ಆಫೀಸಿಗೂ ಆಗುತ್ತೆ. ಇಲ್ಲಿಗೆ ಬಂದಾಗ ನನ್ನದು ಓಡಿಸಿ." ಎಂದರೆ ಹೊರಬೇಕಾದದ್ದು ಎರಡಲ್ಲ, ಒಂದೇ. ಅವಳಿಗೂ ಅಲ್ಲೊಂದು ಸೈಕಲ್ಲು ಕೊಂಡಿಡಬಹುದಿತ್ತಲ್ಲ ಎಂದರೆ, ಗೇರು, ಸೀಟಿನ ಎತ್ತರ, ಹ್ಯಾಂಡಲಿನ ದೂರ ಎಲ್ಲವನ್ನೂ ತನ್ನ ಮೈಗೆ ಹೊಂದಿಸಿಕೊಂಡ ಸೈಕಲ್ಲನ್ನು ಬಿಟ್ಟು ಬೇರೆಯದನ್ನು ಮುಟ್ಟಲು ಮಗಳು ಸಿದ್ಧಳಿರಲಿಲ್ಲ. ಒಂದೇ ಸೈಕಲ್ಲೆಂದ ಕೂಡಲೇ ಮಾಡಿನ ಮೇಲಿನ ಹೊರೆ 25 ಕಿಲೋದ ಆಸುಪಾಸಿಗೆ ಇಳಿಯಿತು; ಮಿತಿಯ ಅರ್ಧ. ನಾಲ್ಕು ಸೈಕಲ್ಲು ಹೊರುವ ಹಿಚ್‌ನ ದೊಡ್ಡ ಗುಣವೊಂದು ನಮಗೆ ಬೇಡದ್ದಾಯಿತು.

ಅಮ್ಮ ಇದನ್ನೆಲ್ಲ ಕೇಳುತ್ತ ಕೂತಿದ್ದರು. ತೀರ್ಥಹಳ್ಳಿಯ ಕಡೆಯವರು. "ಎಂತಕ್ಕೋ ಇಷ್ಟು ತಲೆ ಕೆಡಿಸ್ಕೊಳ್ತೀಯ? ನಿಮ್ಮಪ್ಪಂಗೆ ವರ್ಗ ಆದಾಗೆಲ್ಲ ಸೈಕಲ್ಲು ಬಸ್ಸಿನ ಟಾಪಿನ ಮೇಲೇ ಬರ್ತಿತ್ತು. ಮಲಗಿಸಿ ಹಗ್ಗ ಕಟ್ಟೋರು" ಎಂದರು. ನನಗೆ ಅದು ನೆನಪಿದೆ. ಮಲೆನಾಡಿನ ಖಾಸಗಿ ಬಸ್ಸುಗಳ ಹಿಂದಿನ ಏಣಿ ಹತ್ತಿ ಕ್ಲೀನರ್ ಹುಡುಗ ಸೈಕಲ್ಲನ್ನು ಒಂದೇ ಕೈಯಲ್ಲಿ ಎಳೆದುಕೊಳ್ಳುತ್ತಿದ್ದ. ಅಡಿಕೆಮೂಟೆ, ಬಾಳೆಗೊನೆಗಳ ನಡುವೆ ಅದು ಚಕ್ರ ಮೇಲೆ ಮಾಡಿ ಮಲಗುತ್ತಿತ್ತು. ಕಂಡಕ್ಟರು ಲಗೇಜಿನ ಟಿಕೆಟು ಹರಿಯುತ್ತಿದ್ದ. ಹೊರೆ ತಲೆಯ ಮೇಲಿರಬೇಕು, ಹಿಂದಿನವರಿಗೆ ದೀಪ ಕಾಣಬೇಕು ಎಂಬುದನ್ನು ಯಾವ ಕೈಪಿಡಿಯೂ ಇಲ್ಲದೆ ಆ ಬಸ್ಸಿನವರು ಪಾಲಿಸುತ್ತಿದ್ದರು.

ಉಳಿದಿದ್ದ ಆಕ್ಷೇಪ ಒಂದೇ, ಎತ್ತುವುದು. ವಿಶಾಖಪಟ್ಟಣದಲ್ಲಿ ಸೈಕಲ್ಲನ್ನು ಏರಿಸುವಾಗ ನಾನಿರುವುದಿಲ್ಲ. ತಂಗಿ ಹಿಚ್ ಎಂದದ್ದೇ ಈ ಕಾರಣಕ್ಕೆ. ಅಂಗಡಿಯವರನ್ನು ಕೇಳಿ ಒಂದು ಕ್ಯಾರಿಯರನ್ನು ಪರೀಕ್ಷೆಗಾಗಿ ಹಾಕಿಸಿ ನೋಡಿದೆವು. ಹೆಂಡತಿ ಕೈಕೊಡಲು ಹೋದಾಗ ಮಗಳು, "ಅಮ್ಮ, ಬಿಡು" ಎಂದು, ಬಾಗಿಲು ತೆರೆದು ಅದರ ಹೊಸ್ತಿಲ ಮೇಲೆ ಒಂದು ಕಾಲಿಟ್ಟು, 14 ಕಿಲೋದ ಸೈಕಲ್ಲನ್ನು ಫ್ರೇಮಿನಲ್ಲಿ ಹಿಡಿದೆತ್ತಿ ನಿಲ್ಲಿಸಿದಳು. ತೋಳು ಅದನ್ನು ಕಚ್ಚಿಕೊಂಡಿತು. ಎರಡು ಚಕ್ರಗಳ ಪಟ್ಟಿ ಬಿಗಿದು ಇಳಿದಳು. ಅವಳಿಗೆ ಅದೊಂದು ಸಮಸ್ಯೆಯೇ ಆಗಿರಲಿಲ್ಲ.

ಇದರಿಂದ ಹಿಚ್ ಯಾರಿಗೂ ಬೇಡವೆಂದು ಅರ್ಥವಲ್ಲ. ಚಾಸಿಸ್ ಮೇಲೆ ನಿಂತ ದೊಡ್ಡ ವಾಹನವಿದ್ದು, ತಯಾರಕರೇ ಆ ಮಾದರಿಗೆ ಹಿಚ್ ಒದಗಿಸುತ್ತಿದ್ದು, ಮೂರು ನಾಲ್ಕು ಸೈಕಲ್ಲು ಒಯ್ಯಬೇಕಾದವರಿಗೆ ಅದಕ್ಕಿಂತ ಒಳ್ಳೆಯದಿಲ್ಲ. ಅಂಥವರು ಐದು ಸಂಗತಿಗಳನ್ನು ನೋಡಿಕೊಳ್ಳಲಿ. ಸೈಕಲ್ಲನ್ನು ನೇತುಹಾಕುವ ರ‍್ಯಾಕಿಗಿಂತ ಚಕ್ರಗಳನ್ನು ತಟ್ಟೆಯ ಮೇಲೆ ನಿಲ್ಲಿಸುವುದು ಮೇಲು. ನೇತುಹಾಕುವುದಕ್ಕೆ ಮೇಲುದಂಡವಿರಬೇಕು, ನಮ್ಮ ಲೇಡೀಸ್ ಸೈಕಲ್ಲುಗಳಿಗೆ ಅದಿಲ್ಲ. ರ‍್ಯಾಕಿನ ತೂಕವನ್ನೂ ಸೇರಿಸಿಯೇ ಹಿಚ್‌ನ ಭಾರಮಿತಿಯನ್ನು ಲೆಕ್ಕ ಹಾಕಬೇಕು. ಸೈಲೆನ್ಸರಿನ ಬಾಯಿ ಟಯರಿನತ್ತ ಬಿಸಿಯುಗುಳದಂತಿರಬೇಕು. ನಾಲ್ಕು ಗಂಟೆಯ ಪ್ರಯಾಣದಲ್ಲಿ ರಬ್ಬರು ಕರಗಬಲ್ಲದು. ದೀಪದ ಹಲಗೆಯಿರುವ ರ‍್ಯಾಕನ್ನೇ ಕೊಂಡು, ನಂಬರಿನ ಬಗ್ಗೆ ಸಾರಿಗೆ ಕಚೇರಿಯನ್ನು ಮೊದಲೇ ಕೇಳಬೇಕು. ಕೊನೆಯದಾಗಿ, ವಿಶಾಖಪಟ್ಟಣ, ಮಂಗಳೂರು, ಚೆನ್ನೈ, ಮುಂಬಯಿಯಂಥ ಕಡಲೂರುಗಳವರು ಪ್ರಯಾಣ ಮುಗಿದ ಕೂಡಲೇ ರ‍್ಯಾಕನ್ನು ಕಳಚಿ, ಪಿನ್ನಿಗೆ ಗ್ರೀಸು ಹಚ್ಚಿ ಒಳಗಿಡಬೇಕು. ಉಪ್ಪುಗಾಳಿಗೆ ಕೊಂಡಿ ಕೊಳವೆಯಲ್ಲೇ ತುಕ್ಕುಹಿಡಿದು ಕೂತರೆ ಆಮೇಲೆ ಗ್ಯಾಸ್ ಕಟರೇ ಗತಿ.

ನಮ್ಮ ಆಯ್ಕೆಗೆ ಒಟ್ಟು ತಗುಲಿದ್ದು 22,000 ರೂಪಾಯಿ. ಕಾರಿನ ಮಾದರಿಗೆ ಹೊಂದುವ ಕಾಲುಗಳು, ಎರಡು ಅಡ್ಡಪಟ್ಟಿ, ಬೀಗವಿರುವ ಒಂದು ಕ್ಯಾರಿಯರು. ಇಷ್ಟು ಹಣ ಹಾಕಿದರೆ ಎಷ್ಟು ಸಲ ಬಳಸುತ್ತೇವೆಂದು ಹೆಂಡತಿ ಕೇಳಿದಳು. ಕ್ಯಾಲೆಂಡರು ಹರಡಿಕೊಂಡು ಎಣಿಸಿದೆವು. ಆಗಸ್ಟಿನಿಂದ ಹಿಡಿದು ಹನ್ನೆರಡನೆಯ ತರಗತಿಯ ಬೋರ್ಡ್ ಪರೀಕ್ಷೆಗೆ ಮುಂಚಿನ ಜನವರಿಯವರೆಗೆ 18 ತಿಂಗಳು, ತಿಂಗಳಿಗೊಂದು ಪ್ರಯಾಣ. ಎರಡು ಸೆಪ್ಟೆಂಬರುಗಳಲ್ಲಿ ಪರೀಕ್ಷೆ. ಫೆಬ್ರುವರಿ, ಮಾರ್ಚುಗಳಲ್ಲಿ ಹನ್ನೊಂದನೆಯ ತರಗತಿಯ ಕೊನೆಯ ಪರೀಕ್ಷೆ. ಮೇ ತಿಂಗಳಲ್ಲಿ ವಿಜಯವಾಡದಲ್ಲಿ ಸೈಕಲ್ಲು ಹತ್ತುವ ಮಾತೇ ಇಲ್ಲ, ಊರಿಗೆ ಹೋಗುವ ಕಾಲ. ಕೊನೆಯ ಡಿಸೆಂಬರು, ಜನವರಿ ಓದಿಗೆ ಮೀಸಲು. ಏಳು ಕಳೆದರೆ ಹನ್ನೊಂದು. ಒಂದು ಪ್ರಯಾಣಕ್ಕೆ 2,000 ರೂಪಾಯಿ ಬಿತ್ತು ಎಂದು ಹೆಂಡತಿ ಮೂಲೆಯಲ್ಲಿ ಬರೆದಳು. ನಾನು ನೋಡುತ್ತಿದ್ದುದು ಹನ್ನೊಂದು ಎಂಬ ಅಂಕೆಯನ್ನು. ಅದಾದ ಮೇಲೆ ಮಗಳು ಎಲ್ಲಿ ಓದಲು ಹೋಗುತ್ತಾಳೋ ಆ ಊರಿನ ಹಾಸ್ಟೆಲಿಗೆ ಹೋಗುತ್ತಾಳೆ. ರ‍್ಯಾಕಿನ ಬೆಲೆ ಹೆಚ್ಚೋ ಕಡಿಮೆಯೋ ಎಂಬ ಚರ್ಚೆಯನ್ನು ಆಮೇಲೆ ಇಬ್ಬರೂ ಎತ್ತಲಿಲ್ಲ.

ಮೊದಲ ಭಾನುವಾರ ಬ್ಯಾರೇಜಿನ ನಡುವೆ ನಿಂತು ನೀರು ನೋಡುವಾಗ, ಈ ನೀರಿನಲ್ಲಿ ಅಜ್ಜಿಯ ಊರಿನ ತುಂಗೆಯೂ ಇದೆಯೆಂದು ಅವಳಿಗೆ ಹೇಳಿದೆ. ತುಂಗೆ ಭದ್ರೆಯನ್ನು ಕೂಡಿ, ತುಂಗಭದ್ರೆ ಕೃಷ್ಣೆಯನ್ನು ಕೂಡಿ ಇಲ್ಲಿಯವರೆಗೆ ಬರುವ ದಾರಿಯನ್ನು ಅವಳು ಭೂಗೋಳದಲ್ಲಿ ಓದಿದ್ದಳು, ಇಂಗ್ಲಿಷಿನಲ್ಲಿ. "ಸಂಗಮಕ್ಕೆ ಕನ್ನಡದಲ್ಲಿ ಬೇರೆ ಶಬ್ದ ಇದ್ಯಾ ಅಪ್ಪ?" ಎಂದು ಕೇಳಿದಳು. ಕೂಡಲಿ ಎಂದೆ, ತುಂಗೆಯೂ ಭದ್ರೆಯೂ ಸೇರುವ ಊರಿಗೆ ಅದೇ ಹೆಸರು. ಆ ಶಬ್ದವನ್ನು ಎರಡು ಸಲ ಹೇಳಿಕೊಂಡು ಪೆಡಲು ತುಳಿದಳು.

ನೆಲಮಾಳಿಗೆಯ ಬಾಗಿಲಿನ ಭಯಕ್ಕೆ ಒಂದು ಏರ್ಪಾಡು ಮಾಡಿಕೊಂಡಿದ್ದೇವೆ. ಸೈಕಲ್ಲು ಮೇಲಿರುವಾಗ ಅವಳ ಹೆಲ್ಮೆಟ್ಟು ಸ್ಟೀರಿಂಗಿನ ಪಕ್ಕದ ಹಿಡಿಕೆಯಲ್ಲಿ ತೂಗುತ್ತಿರಬೇಕು. ಅದು ಕಾಣುವವರೆಗೆ ಯಾವ ಸೂರಿನ ಕೆಳಗೂ ಕಾರು ಹೋಗುವಂತಿಲ್ಲ. ಪ್ರತಿ ನೂರು ಕಿಲೋಮೀಟರಿಗೆ ಒಮ್ಮೆ ನಿಲ್ಲಿಸಿ ಪಟ್ಟಿಗಳನ್ನು ಕೈಯಿಂದ ಜಗ್ಗಿ ನೋಡುವುದು ಮಗಳ ಕೆಲಸ. ಇಲ್ಲಿಯವರೆಗೆ ಒಂದೂ ಸಡಿಲವಾಗಿಲ್ಲ. ಹನ್ನೊಂದರಲ್ಲಿ ಮೂರು ಪ್ರಯಾಣ ಮುಗಿದಿವೆ.